ಅನ್ಯಭಾಷೆಗೆ ಅರ್ಥ ಹೇಳುವವಳು

ಟೈಲರಕ್ಕನಿಗೆ ದೇವರ ಮಾತು ಯಾವುದು, ತನ್ನ ಮಾತು ಯಾವುದು ಎಂಬ ಅನುಮಾನ ಐವತ್ತು ದಾಟುವವರೆಗೂ ಬಂದಿರಲಿಲ್ಲ. ಬಂದದ್ದು ಗಂಡನ ದೆಸೆಯಿಂದ. ಗಂಡಂದಿರ ದೆಸೆಯಿಂದ ಹೆಂಡತಿಯರು ಪಡುವ ಪಾಡು ಲೋಕಕ್ಕೆ ಹೊಸದೇನಲ್ಲ, ಆದರೆ ಈ ಬಗೆಯ ಪಾಡು ಬೇರೆ ಯಾವ ಮನೆಯಲ್ಲೂ ಇದ್ದಿರಲಾರದು.

ಅವರ ಸಭೆ ಸೇರುತ್ತಿದ್ದದ್ದು ಒಂದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗ ರಬ್ಬರಿನ ವಾಸನೆ, ಹತ್ತಿದ ಮೇಲೆ ಪ್ಲಾಸ್ಟಿಕ್ ಕುರ್ಚಿಗಳು, ಮುಂದೆ ಹಲಗೆಯ ವೇದಿಕೆ, ಅದರ ಮೇಲೆ ಒಂದು ಕೀಬೋರ್ಡು, ಆಗಾಗ ಕುಯ್ಗುಟ್ಟುವ ಮೈಕು. ಆಸ್ತಿ ಇಷ್ಟೇ. ನಂಬಿಕೆಗಳಿಗೆ ಮಾತ್ರ ಬಡತನವಿರಲಿಲ್ಲ. ದೀಕ್ಷಾಸ್ನಾನಕ್ಕೆ ತಲೆಗೂದಲೂ ಕಾಣದಂತೆ ನೀರಲ್ಲಿ ಮುಳುಗಬೇಕು, ಮೈಮೇಲೆ ಒಡವೆ ಇರಬಾರದು, ಕಾಯಿಲೆ ಬಿದ್ದರೆ ಮೊದಲು ಪ್ರಾರ್ಥನೆ, ಆಮೇಲೆ ಡಾಕ್ಟರು. ಎಲ್ಲಕ್ಕಿಂತ ಗಟ್ಟಿಯಾದದ್ದು ಅನ್ಯಭಾಷೆಯ ನಂಬಿಕೆ. ಪವಿತ್ರಾತ್ಮ ಇಳಿದಾಗ ಒಬ್ಬರ ಬಾಯಿಂದ ಯಾರೂ ಕಲಿಯದ, ಯಾರಿಗೂ ತಿಳಿಯದ ಭಾಷೆ ಹೊರಡುತ್ತದೆ. ಅದನ್ನು ಹಾಗೇ ಗಾಳಿಗೆ ಬಿಡುವಂತಿಲ್ಲ. ಅರ್ಥ ಹೇಳುವ ವರ ಪಡೆದವರು ಎದ್ದು, ಇದು ಇಂಥ ಮಾತು ಎಂದು ಸಭೆಗೆ ತಿಳಿಸಬೇಕು.

ಆ ಸಭೆಯಲ್ಲಿ ಭಾಷೆ ಬರುತ್ತಿದ್ದದ್ದು ಮೊಟ್ಟೆ ಅಜ್ಜಿಗೆ. ಮಾರ್ಕೆಟ್ಟಿನಲ್ಲಿ ಮೊಟ್ಟೆ ಮಾರುವ ಮುದುಕಿ. ವಾರವೆಲ್ಲ ಗಿರಾಕಿಗಳ ಜೊತೆ ಚೌಕಾಸಿ ಮಾಡಿ ಗಂಟಲು ಹರಿದುಕೊಂಡರೂ ಭಾನುವಾರ ಬರುವ ಭಾಷೆ ಮಾತ್ರ ಎಣ್ಣೆ ಹಚ್ಚಿದಷ್ಟು ನುಣ್ಣಗೆ ಬರುತ್ತಿತ್ತು. ಅರ್ಥ ಹೇಳುವ ವರ ಟೈಲರಕ್ಕನದು. ಹೊಲಿಗೆ ಮಿಷನ್ನಿನ ಹಿಂದೆ ಬೆನ್ನು ಬಗ್ಗಿಸಿ ಕೂರುವ, ನಾಲ್ಕು ಜನರ ಮುಂದೆ ಮಾತಾಡಲು ನಾಚುವ ಹೆಂಗಸು. ಅಜ್ಜಿಯ ಮಾತು ನಿಂತ ಕೂಡಲೇ ಎದ್ದು ನಿಂತು, ಯಾರ ಮುಖವನ್ನೂ ನೋಡದೆ, ಒಂದೋ ಎರಡೋ ವಾಕ್ಯ ಹೇಳಿ ಕೂತುಬಿಡುತ್ತಿದ್ದಳು. ಸಭೆ "ಆಮೆನ್" ಅನ್ನುತ್ತಿತ್ತು.

ಅವಳಿಗೆ ಕಿವಿಯಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಗಿರಾಕಿ ಬಾಗಿಲಲ್ಲಿ ನಿಂತ ಕೂಡಲೇ, ಟೇಪು ಹಿಡಿಯುವ ಮೊದಲೇ, ಎದೆಯ ಸುತ್ತಳತೆ ಇಷ್ಟು ಎಂದು ತಿಳಿದುಬಿಡುತ್ತದಲ್ಲ, ಹಾಗೆ ಒಂದು ವಾಕ್ಯ ಇಡಿಯಾಗಿ ಬಂದು ಮನಸ್ಸಿನಲ್ಲಿ ನಿಲ್ಲುತ್ತಿತ್ತು. ಬೇಕರಿಯವನಿಗೂ ಅವನ ಹೆಂಡತಿಗೂ ಮಕ್ಕಳಿರಲಿಲ್ಲ. ಅವರಿಗಾಗಿ ಪ್ರಾರ್ಥಿಸುವಾಗ ಅಜ್ಜಿಗೆ ಭಾಷೆ ಬಂತು, ಟೈಲರಕ್ಕನಿಗೆ ವಾಕ್ಯ ಬಂತು: ನಿಮ್ಮ ಬಾಗಿಲಿಗೆ ಬಂದದ್ದನ್ನು ತಿರುಗಿಸಿ ಕಳಿಸಬೇಡಿ. ಅದೇ ತಿಂಗಳು ಬೇಕರಿಯವನ ತೀರಿಹೋದ ತಂಗಿಯ ಮಗು ಆ ಬಾಗಿಲಿಗೆ ಬಂತು. ಈಗ ಆ ಹುಡುಗಿ ಶಾಲೆಗೆ ಹೋಗುತ್ತಾಳೆ, ಅವಳ ಯೂನಿಫಾರ್ಮಿನ ಅಂಚು ಬಿಚ್ಚಿ ಉದ್ದ ಮಾಡಿಕೊಡುವವಳೂ ಟೈಲರಕ್ಕನೇ.

ಹೀಗೆ ಎಲ್ಲ ನೆಟ್ಟಗಿರುವಾಗ ಪಾಸ್ಟರ್ ಒಂದು ದಿನ ಮೈಕು ಹಿಡಿದು, "ನನ್ನ ಮೊಣಕಾಲು ಇನ್ನು ಮೆಟ್ಟಿಲು ಹತ್ತಲ್ಲ ಅಂತಿದೆ. ಸಭೆಗೆ ಬೇರೆ ಕುರುಬ ಬೇಕು," ಅಂದರು. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ನಾನು ಯಾರನ್ನೂ ಆರಿಸಲ್ಲ. ಕೈ ಎತ್ತಿಸಲ್ಲ, ಚೀಟಿ ಹಾಕಿಸಲ್ಲ. ಮೂರು ಭಾನುವಾರ ಕಳೆಯೋವರೆಗೂ ದಿನಾ ಹಗಲು ಉಪವಾಸ ಇದ್ದು ಪ್ರಾರ್ಥನೆ ಮಾಡೋಣ. ಯಾರು ಅಂತ ಆತ್ಮನೇ ಹೇಳಲಿ."

ಸಭೆ ಆಮೆನ್ ಅಂದಿತು. ಅಂದು ಮುಗಿಸಿ ಇಡೀ ಸಭೆ ಟೈಲರಕ್ಕನ ಕಡೆ ತಿರುಗಿತು. ಆತ್ಮ ಹೇಳಿದರೆ ಹೇಳುವುದು ಅಜ್ಜಿಯ ಬಾಯಲ್ಲಿ, ಅಜ್ಜಿಯ ಬಾಯಲ್ಲಿ ಬಂದದ್ದು ತಿಳಿಯುವುದು ಇವಳಿಗೆ. ಎಲ್ಲ ಸುತ್ತಿ ಬಂದು ಭಾರ ಅವಳ ಕುತ್ತಿಗೆಗೇ ಬಿತ್ತು.

ಬಿದ್ದರೂ ಹೊರಬಹುದಿತ್ತು, ಎಲ್ಲರ ಮನಸ್ಸಿನಲ್ಲಿದ್ದ ಇಬ್ಬರಲ್ಲಿ ಒಬ್ಬ ಅವಳ ಗಂಡನೇ ಆಗದಿದ್ದರೆ.

ಗಂಡ ಲಿಫ್ಟ್ ಮೆಕ್ಯಾನಿಕ್, ಸಭೆಯ ಹಿರಿಯ. ಚಿಕ್ಕವರೆಲ್ಲ ಅವನನ್ನು ಲಿಫ್ಟಣ್ಣ ಅನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಯಾರೇ ಮಲಗಿರಲಿ, ಲಿಫ್ಟಣ್ಣ ಹೋಗದ ದಿನವಿಲ್ಲ. ಹೋದವನು ಪ್ರಾರ್ಥನೆ ಮುಗಿಸಿ ಅಲ್ಲಿಯ ಲಿಫ್ಟನ್ನೂ ಒಮ್ಮೆ ನೋಡಿಬಿಟ್ಟೇ ಬರುತ್ತಿದ್ದ. ಅವನ ಪ್ರಸಂಗವೆಂದರೆ ಮಾತ್ರ ಮಕ್ಕಳಿಗೆ ಜೋಗುಳ. "ಲಿಫ್ಟು ನಿಂತಾಗ ಒಳಗಿರೋರು ಬಟನ್ ಒತ್ತುತ್ತಲೇ ಇರ್ತಾರೆ. ಬಟನ್ನಲ್ಲಿ ಏನಿದೆ ಸಹೋದರರೇ? ಮೋಟಾರ್ ಇರೋದು ಮೇಲೆ!" ಎಂದು ಶುರುಮಾಡಿದರೆ ಒಂದೊಂದೇ ಮಹಡಿ ನಿಲ್ಲಿಸಿಕೊಂಡು ಪರಲೋಕ ತಲುಪುವ ಹೊತ್ತಿಗೆ ಹೊರಗಡೆ ಬಿಸಿಲು ಇಳಿದಿರುತ್ತಿತ್ತು. ಅವನು ಹುಡುಗನಾಗಿದ್ದಾಗ ಎಲ್ಲಿಂದಲೋ ಬಂದ ಬೋಧಕರೊಬ್ಬರು ತಲೆಯ ಮೇಲೆ ಕೈಯಿಟ್ಟು, ಇವನು ಮಂದೆ ಕಾಯುತ್ತಾನೆ ಎಂದಿದ್ದರು. ಅಂದಿನಿಂದ ಕಾದಿದ್ದ. ಯಾರ ಹತ್ತಿರವೂ ಬಾಯಿಬಿಡದೆ ಕಾದಿದ್ದ.

ಇನ್ನೊಬ್ಬ ಪಾಸ್ಟರ್ ಅಳಿಯ. ಕೀಬೋರ್ಡ್ ನುಡಿಸುವವನು, ಹೆಸರೂ ಕೀಬೋರ್ಡೇ ಆಗಿಹೋಗಿತ್ತು. ಪ್ರಸಂಗ ಚುಟುಕು, ಹಾಡು ಚೆಂದ, ಪಡ್ಡೆ ಹುಡುಗರೆಲ್ಲ ಅವನ ಹಿಂದೆ. ಆಸ್ಪತ್ರೆಯ ವಾಸನೆ ಮಾತ್ರ ಅವನಿಗೆ ಆಗುತ್ತಿರಲಿಲ್ಲ.

ಇಬ್ಬರಲ್ಲಿ ಯಾರಾದರೂ ಸಭೆ ನಡೆದೀತು. ಟೈಲರಕ್ಕನ ಮನೆ ನಡೆಯುವುದು ಹೇಗೆ ಎಂಬುದೇ ಕೇಳಬೇಕಾದ ಮಾತು. ಆ ಸಭೆಯಲ್ಲಿ ಪಾಸ್ಟರ್ ಆದವನು ವಿಶ್ವಾಸದ ಜೀವನ ಮಾಡಬೇಕು. ಅಂದರೆ ಗಂಡ ಹೆಂಡತಿ ಇಬ್ಬರೂ ಕಸುಬು ಬಿಡಬೇಕು, ಸ್ವಂತ ಮನೆ ಬಿಟ್ಟು ಸಭೆಯ ಹಿಂದಿನ ಕೋಣೆಗೆ ಬರಬೇಕು, ದೇವರು ಯಾರ ಕೈಲಿ ಏನು ಕಳಿಸಿದರೆ ಅದನ್ನು ಉಣ್ಣಬೇಕು. ಈಗಿನ ಪಾಸ್ಟರಮ್ಮ ಒಂದು ಕಾಲಕ್ಕೆ ನರ್ಸು. ಜ್ವರದ ಮಗುವನ್ನು ಯಾರಾದರೂ ಪ್ರಾರ್ಥನೆಗೆ ತಂದರೆ ಅವರ ಬೆರಳು ತಾನಾಗಿ ಮಗುವಿನ ಮಣಿಕಟ್ಟಿಗೆ ಹೋಗುತ್ತಿತ್ತು, ಮುಟ್ಟುವ ಮೊದಲೇ ಹಿಂದೆ ಬಂದು ಪ್ರಾರ್ಥನೆಗೆ ಇನ್ನೊಂದು ಕೈಯೊಡನೆ ಜೋಡಿಕೊಳ್ಳುತ್ತಿತ್ತು. ಇದನ್ನು ಸಭೆಯಲ್ಲಿ ಗಮನಿಸಿದವಳು ಟೈಲರಕ್ಕ ಒಬ್ಬಳೇ.

ಅವಳಿಗೆ ಮಿಷನ್ ಬಿಡುವ ಮನಸ್ಸಿರಲಿಲ್ಲ. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಅವಳಿಗೆ ಇಷ್ಟವಿರಲಿಲ್ಲ, ಅಷ್ಟೇ. ಬಾಗಿಲ ಪಕ್ಕದ ಆ ಮುಂಗೋಣೆ, ಗೋಡೆಗೆ ನೇತುಹಾಕಿದ ಅರ್ಧ ಹೊಲಿದ ಬಟ್ಟೆಗಳು, ಒಂದು ಕಾಲರನ್ನು ಮುದುರಿಲ್ಲದೆ ಕೂರಿಸಿದಾಗ ಬರುವ ನೆಮ್ಮದಿ, ಇವುಗಳ ಹೊರಗೆ ತಾನು ಯಾರು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಆದರೆ ಗಂಡನ ಆಸೆ ಅವನ ಕಣ್ಣಲ್ಲಿ ದೀಪ ಹಚ್ಚಿಟ್ಟ ಹಾಗೆ ಕಾಣುತ್ತಿತ್ತು. ಅದನ್ನು ಊದಿ ಆರಿಸುವ ಬಾಯಿ ತನ್ನದಾಗುವುದೂ ಬೇಡವಾಗಿತ್ತು. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಲಿಫ್ಟಣ್ಣ ಈ ವಿಷಯದ ಸೊಲ್ಲೆತ್ತಲಿಲ್ಲ. ಬದಲಿಗೆ ಪಾತ್ರೆ ತೊಳೆದ. ಮದುವೆಯಾದಾಗಿನಿಂದ ಲೋಟ ಎತ್ತಿಡದವನು ತೋಳು ಮಡಚಿ ಸಿಂಕಿನ ಮುಂದೆ ನಿಂತದ್ದನ್ನು ಕಂಡು ಅವಳು ಬಾಗಿಲಲ್ಲೇ ನಿಂತಳು.

"ಇದೇನ್ರೀ?"

"ಯಾಕೆ, ನಾನು ತೊಳೀಬಾರದಾ?"

"ತೊಳೀರಿ. ಸೋಪು ಹಾಕಿ ತೊಳೀರಿ."

ಅತ್ತ ಕೀಬೋರ್ಡಿನ ಹೆಂಡತಿ ಮನೆಯ ಕಿಟಕಿಗಳಿಗೆಲ್ಲ ಪರದೆ ಹೊಲಿಸಲು ಬಟ್ಟೆ ತಂದಳು. ಅಳತೆ ಕೊಡುವಾಗ, "ಅಕ್ಕಾ, ನಿಮ್ಮ ಬಾಯಲ್ಲಿ ಯಾವತ್ತೂ ಸುಳ್ಳು ಬಂದಿಲ್ಲ ಅಂತ ನಮ್ಮಪ್ಪ ಹೇಳ್ತಿರ್ತಾರೆ," ಎಂದು ಒಂದು ಗುಟುಕು ಜೇನು ಸುರಿದು ಹೋದಳು. ಟೈಲರಕ್ಕ ಪರದೆ ಹೊಲಿಯಲಿಲ್ಲ. ಆ ಬಟ್ಟೆಯನ್ನು ಕಂಡರೆ ಸಾಕು, ಲಂಚ ತಿಂದವಳ ಹಾಗೆ ಮೈ ಮುದುಡುತ್ತಿತ್ತು. ಹಾಗಂದುಕೊಂಡು ತೊಳೆದ ಪಾತ್ರೆಗಳ ಕಡೆ ನೋಡಿದರೆ ಅಲ್ಲೂ ಅದೇ ಅನಿಸುತ್ತಿತ್ತು.

ಮೊದಲ ಭಾನುವಾರ ಅಜ್ಜಿಗೆ ಶೀತ. ಮೂಗು ಒರೆಸಿಕೊಳ್ಳುವುದರಲ್ಲೇ ಆರಾಧನೆ ಮುಗಿಯಿತು.

ಎರಡನೆಯ ಭಾನುವಾರ ಎಲ್ಲರೂ ಮೊಣಕಾಲೂರಿದ್ದಾಗ ಹಿಂದಿನ ಸಾಲಿನಿಂದ ಆ ನುಣುಪಾದ ಭಾಷೆ ಎದ್ದಿತು. ಮಹಡಿ ಗಪ್‌ಚಿಪ್ಪಾಯಿತು. ಅಜ್ಜಿ ಬಹಳ ಹೊತ್ತು ಮಾತಾಡಿದಳು, ನಿಲ್ಲಿಸಿದಳು. ಟೈಲರಕ್ಕ ಎದ್ದು ನಿಂತಳು. ವಾಕ್ಯ ಬಂದಿತ್ತು, ಎಂದಿನಂತೆ ಇಡಿಯಾಗಿ ಬಂದಿತ್ತು: ಇವನಲ್ಲ.

ಅವಳ ಮುಂದೆ, ಗಂಡಸರ ಸಾಲಿನಲ್ಲಿ, ಗಂಡನ ಬೆನ್ನು ಕಾಣುತ್ತಿತ್ತು. ಅಂಗಿಯ ಬೆನ್ನಿನ ಹೊಲಿಗೆ ಅವಳದೇ. ಕಣ್ಣು ಅಲ್ಲಿ ನೆಟ್ಟಿದ್ದಾಗಲೇ ಆ ಮಾತು ಬಂದದ್ದು, ಆದ್ದರಿಂದ ಯಾರ ಬಗ್ಗೆ ಎಂದು ಕೇಳುವುದೇ ಬೇಕಿರಲಿಲ್ಲ. ಅವಳು ಬಾಯಿ ತೆರೆದಳು. ಮಾತು ನಾಲಿಗೆಯ ತುದಿಯಲ್ಲಿ ನಿಂತಿತು. ಇದು ಆತನದೋ? ಇಲ್ಲ, ಆ ಕೋಣೆಗೆ ಹೋಗಲಾರೆ, ಮಿಷನ್ ಬಿಡಲಾರೆ ಎಂದು ವಾರವೆಲ್ಲ ಒಳಗೊಳಗೇ ಕಿರುಚಿದ ತನ್ನದೋ? ಇಷ್ಟು ವರ್ಷ ಹೇಳಿದ್ದೆಲ್ಲ ಪರರ ಮನೆಯ ಮಾತು. ಅಲ್ಲಿ ಅವಳಿಗೆ ಬೇಕಾದದ್ದು ಏನೂ ಇರಲಿಲ್ಲ, ಆದ್ದರಿಂದ ಬಂದದ್ದು ಎಲ್ಲಿಂದ ಎಂದು ಹಿಂತಿರುಗಿ ನೋಡುವ ಅಗತ್ಯ ಬಿದ್ದಿರಲಿಲ್ಲ. ಈಗ ಹಿಂತಿರುಗಿ ನೋಡಿದರೆ ಕತ್ತಲೆ.

ಸಭೆ ಕಾಯುತ್ತಿತ್ತು.

"ಕಾಯಿರಿ ಎಂದು ಕರ್ತನು ಹೇಳುತ್ತಾನೆ," ಅಂದುಬಿಟ್ಟಳು. "ಇನ್ನೂ ಕಾಯಿರಿ."

"ಆಮೆನ್!" ಅಂದಿತು ಸಭೆ. ಒಬ್ಬರು ಹಲ್ಲೆಲೂಯಾ ಅಂದರು, ಒಬ್ಬಳ ಕಣ್ಣಲ್ಲಿ ನೀರು ಬಂತು. ಪಾಸ್ಟರ್ ತಲೆಯಾಡಿಸಿದರು. ಟೈಲರಕ್ಕ ಕೂತಳು. ಬದುಕಿನಲ್ಲಿ ಮೊದಲ ಸಲ ತಾನೇ ಕಟ್ಟಿ ಹೇಳಿದ ಮಾತು ಅದು. ಅದಕ್ಕೂ ಅಷ್ಟೇ ಜೋರಾದ ಆಮೆನ್ ಬಿದ್ದಿತ್ತು, ಒಂದು ಗುಂಜಿಯೂ ಕಡಿಮೆಯಿಲ್ಲ.

ಮಾರನೆಯ ದಿನ ಅವಳು ಹೊಲಿಗೆ ಬಿಟ್ಟು ಮಾರ್ಕೆಟ್ಟಿಗೆ ಹೋದಳು. ಅಜ್ಜಿ ಒಂದೊಂದೇ ಮೊಟ್ಟೆಯನ್ನು ಬಲ್ಬಿನ ಬೆಳಕಿಗೆ ಹಿಡಿದು ನೋಡಿ, ಒಳ್ಳೆಯದನ್ನು ಟ್ರೇಗೆ, ಕೆಟ್ಟದ್ದನ್ನು ಬಕೆಟ್ಟಿಗೆ ಹಾಕುತ್ತಿದ್ದಳು.

"ಅಜ್ಜಿ, ನಿನಗೆ ಭಾಷೆ ಬರುವಾಗ ಅದು ದೇವರದೇ ಅಂತ ಹೆಂಗೆ ಗೊತ್ತಾಗುತ್ತೆ?"

"ಬೇರೆ ಯಾರದ್ದು ಆಗಿರುತ್ತೆ? ನನಗೆ ನನ್ನ ಭಾಷೆ ಒಂದೇ ಬರೋದು. ಅದಲ್ಲದೆ ಬಂದಿದ್ದೆಲ್ಲ ಆತನದು."

"ಏನು ಹೇಳ್ತಿದ್ದೀನಿ ಅಂತ ನಿನಗೆ ಗೊತ್ತಾಗುತ್ತಾ?"

"ಅದು ನನಗೆ ಹೆಂಗೆ ಗೊತ್ತಾಗಬೇಕು ಮಗಳೇ? ಬಾಯಿ ಬಿಡೋದು ನನ್ನ ಕೆಲಸ, ಅರ್ಥ ನಿನ್ನ ಪಾಲು. ನಂದು ನೋಡು, ಸುಲಭ." ಅಜ್ಜಿ ಇನ್ನೊಂದು ಮೊಟ್ಟೆ ಎತ್ತಿಕೊಂಡಳು. "ಯಾಕೆ, ಏನಾದ್ರೂ ಬಂದಿತ್ತಾ?"

"ಏನಿಲ್ಲ," ಎಂದು ಟೈಲರಕ್ಕ ಅರ್ಧ ಡಜನ್ ಮೊಟ್ಟೆ ಕೊಂಡು ಹೊರಟಳು. ದಾರಿಯಲ್ಲಿ ನೆನಪಾಯಿತು, ಮನೆಯಲ್ಲಿ ಉಪವಾಸ.

ಅಲ್ಲಿಂದ ಸೀದಾ ಪಾಸ್ಟರ್ ಕೋಣೆಗೆ. ಪಾಸ್ಟರಮ್ಮ ಅವರ ಮೊಣಕಾಲಿಗೆ ಬಿಸಿನೀರಿನ ಚೀಲ ಇಡುತ್ತಿದ್ದರು. ಯಾರ ಬಗ್ಗೆ ಏನು ಬಂತೆಂದು ಹೇಳದೆ, ತನ್ನ ಮಾತಿಗೂ ಆತನ ಮಾತಿಗೂ ಗುರುತು ಹಿಡಿಯುವುದು ಹೇಗೆ ಎಂದಷ್ಟೇ ಕೇಳಿದಳು. ಪಾಸ್ಟರ್ ಕಣ್ಣು ಮುಚ್ಚಿ ಯೋಚಿಸಿದರು.

"ಒಂದು ಗುರುತಿದೆಯಮ್ಮ. ನಮಗೆ ಬೇಕಾದ್ದನ್ನೇ ಹೇಳಿದ್ರೆ ಅದು ನಮ್ಮದು. ನಮಗೆ ಬೇಡವಾದ್ದನ್ನ ಹೇಳಿದ್ರೆ ಅದು ಆತನದು. ನಾನು ಇಷ್ಟು ವರ್ಷ ಹಾಗೇ ನಡೆದಿದ್ದು."

ಅವಳ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಆ ನೆಮ್ಮದಿ ಟೈರ್ ಅಂಗಡಿಯ ಮೂಲೆ ತಿರುಗುವವರೆಗೂ ಬಾಳಿತು. ಇವನಲ್ಲ ಎಂದರೆ ಮಿಷನ್ ಉಳಿಯುತ್ತದೆ. ಅದು ತನಗೆ ಬೇಕಾದದ್ದೇ, ಹಾಗಾದರೆ ಆ ಮಾತು ತನ್ನದು. ಆದರೆ ಇವನಲ್ಲ ಎಂದರೆ ಗಂಡನ ಎದೆ ಒಡೆಯುತ್ತದೆ. ಅದು ತನಗೆ ಬೇಡವಾದದ್ದು, ಹಾಗಾದರೆ ಆ ಮಾತು ಆತನದು. ಒಂದೇ ಮಾತು ಬೇಕಾದದ್ದೂ ಹೌದು, ಬೇಡವಾದದ್ದೂ ಹೌದು. ಅಳತೆ ಪಟ್ಟಿಯನ್ನು ಎತ್ತ ಕಡೆಯಿಂದ ಹಿಡಿದರೂ ಬೇರೆ ಲೆಕ್ಕ ಬಂದರೆ ಬಟ್ಟೆ ಕತ್ತರಿಸುವುದು ಹೇಗೆ?

ಇನ್ನೊಂದು ಹುಳ ತಲೆಯಲ್ಲಿ ಕೊರೆಯುತ್ತಿತ್ತು. ಅವಳು ಗಂಡನನ್ನು ಎಂದೂ ಏಕವಚನದಲ್ಲಿ ಕರೆದವಳಲ್ಲ. ಇವರು, ನಮ್ಮನೆಯವರು. ಬಂದ ಮಾತು ಇವನಲ್ಲ ಎಂದಿತ್ತು. ದೇವರಾದರೆ ಯಾರನ್ನಾದರೂ ಇವನು ಅನ್ನಬಹುದು. ಇಷ್ಟು ಯೋಚಿಸಿ ಗೆದ್ದೆ ಅಂದುಕೊಳ್ಳುವಷ್ಟರಲ್ಲಿ, ಸಿಟ್ಟು ಬಂದಾಗ ಮನಸ್ಸಿನೊಳಗೆ ತಾನೂ ಎಷ್ಟೋ ಸಲ ಹಾಗೆ ಅಂದದ್ದು ನೆನಪಾಗಿ ನಾಲಿಗೆ ಕಚ್ಚಿಕೊಂಡಳು.

ವಾರದ ಕೊನೆಯಲ್ಲಿ ಲಿಫ್ಟಣ್ಣ ಪಾಸ್ಟರ್ ಹಾಕುವ ಕೋಟಿನಂಥದೇ ಒಂದು ಬಿಳಿ ಬಟ್ಟೆಯ ತುಂಡು ತಂದು ಮಿಷನ್ನಿನ ಪಕ್ಕದಲ್ಲಿಟ್ಟ.

"ಅವಸರ ಏನಿಲ್ಲ. ಯಾವತ್ತಾದ್ರೂ ಒಂದು ಉದ್ದ ಕೋಟು ಹೊಲಿದಿಟ್ಟಿರು. ಇರಲಿ ಅಂತ."

"ಅಳತೆ?"

"ನಿನಗೆ ಗೊತ್ತಿಲ್ದೆ ಇರೋ ಅಳತೆನಾ ನಂದು?" ಎಂದು ನಕ್ಕ. ಆ ನಗುವಿನಲ್ಲಿ ಎಷ್ಟು ಭರವಸೆ ಇತ್ತೆಂದರೆ ಅವಳು ಎದ್ದು ಹಿತ್ತಲಿಗೆ ಹೋಗಿ ಅತ್ತುಬಿಟ್ಟಳು. ತನ್ನ ಹೆಂಡತಿಯ ಬಾಯಿಂದ ತನ್ನ ಹೆಸರೇ ಬರುತ್ತದೆ ಎಂದು ಅವನು ನಂಬಿದ್ದ. ದೇವರ ಮೇಲಿನ ನಂಬಿಕೆ ಮುಗಿದು ಹೆಂಡತಿಯ ಮೇಲಿನ ನಂಬಿಕೆ ಶುರುವಾಗುವುದು ಎಲ್ಲಿ ಎಂದು ಅವನೂ ನೋಡಿಕೊಂಡಿರಲಿಲ್ಲ.

ಮೂರನೆಯ ಭಾನುವಾರ ಕುರ್ಚಿಗಳು ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಕೀಬೋರ್ಡು ಮೆಲ್ಲಗೆ ಒಂದು ರಾಗ ಹಿಡಿದಿದ್ದ. ಅಜ್ಜಿಗೆ ಭಾಷೆ ಬಂತು, ಹೋಯಿತು. ಟೈಲರಕ್ಕ ಎದ್ದಳು. ಈ ಸಲವೂ ಅದೇ ವಾಕ್ಯ, ಚುಕ್ಕೆಯಷ್ಟೂ ವ್ಯತ್ಯಾಸವಿಲ್ಲದೆ.

"ಒಂದು ಮಾತು ಬಂದಿದೆ," ಅಂದಳು. "ಅದು ಆತನದೋ ನನ್ನದೋ ನನಗೆ ಗೊತ್ತಾಗ್ತಿಲ್ಲ. ಅದಕ್ಕೇ ಹೇಳಲ್ಲ. ಹೋದ ವಾರ ಕಾಯಿರಿ ಅಂದೆನಲ್ಲ, ಅದು ಆತನದಲ್ಲ. ಅದು ನಾನೇ ಹೇಳಿದ್ದು. ಕ್ಷಮಿಸಿ."

ಕೀಬೋರ್ಡಿನ ಬೆರಳು ಎಲ್ಲೋ ಬಿದ್ದು ಅಪಸ್ವರ ಹೊರಟಿತು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಆತ್ಮದ ಮಾತನ್ನು ನುಂಗುವುದು ಪಾಪ ಎಂದರು ಕೆಲವರು, ಗೊತ್ತಿಲ್ಲದ್ದನ್ನು ಹೇಳುವುದೇ ಪಾಪ ಎಂದರು ಇನ್ನು ಕೆಲವರು. ಈ ಗದ್ದಲದಲ್ಲಿ ಎದ್ದು ನಿಂತು ಕೈಯೆತ್ತಿದವನು ಲಿಫ್ಟಣ್ಣ. ಅವನ ಮುಖದಲ್ಲಿ ಇನ್ನೂ ಆ ದೀಪ ಉರಿಯುತ್ತಿತ್ತು. ತನ್ನ ಹೆಸರೇ ಬಂದಿದೆ, ಗಂಡನ ಹೆಸರು ಹೇಳಲು ಪಾಪ ನಾಚುತ್ತಿದ್ದಾಳೆ ಎಂದೇ ಅವನ ಎಣಿಕೆ.

"ಬಂದಿದ್ದನ್ನ ಹೇಳಬೇಕು. ಆತನದೋ ಅಲ್ವೋ ಅಂತ ಸಭೆ ಪರೀಕ್ಷೆ ಮಾಡುತ್ತೆ. ಅದು ನಮ್ಮ ನಂಬಿಕೆ. ಹೇಳು. ಹೆದರಬೇಡ."

"ಬೇಡ ಕಣ್ರೀ."

"ಹಿರಿಯನಾಗಿ ಹೇಳ್ತಿದ್ದೀನಿ. ಹೇಳು."

"ಇವನಲ್ಲ ಅಂತ ಬಂದಿದೆ," ಅಂದಳು ಟೈಲರಕ್ಕ. "ನಿಮ್ಮನ್ನೇ. ನನಗೆ ಮಿಷನ್ ಬಿಟ್ಟು ಆ ಕೋಣೆಗೆ ಬರೋಕೆ ಇಷ್ಟ ಇಲ್ಲ. ಅದಕ್ಕೇ ಈ ಮಾತಿನ ಮೇಲೆ ನನಗೆ ನಂಬಿಕೆ ಬರ್ತಿಲ್ಲ."

ಅವನು ಮೆಲ್ಲಗೆ ಕೂತ. ಕುರ್ಚಿ ಇದೆಯೋ ಇಲ್ಲವೋ ಎಂದು ಕೈಯಿಂದ ತಡವಿ ನೋಡಿ ಕೂತ.

ಆಗ ಹೆಂಗಸರ ಸಾಲಿನಿಂದ ಬೇಕರಿಯವನ ಹೆಂಡತಿ ಎದ್ದಳು. ಮಗಳ ಭುಜದ ಮೇಲೆ ಅವಳ ಕೈ ಬಿಗಿದಿತ್ತು. "ಅಕ್ಕಾ, ಹಾಗಾದ್ರೆ ನಮಗೆ ಹೇಳಿದ್ದು? ಅದೂ ನೀವೇ ಹೇಳಿದ್ದಾ?"

ಹುಡುಗಿ ಒಮ್ಮೆ ಅಮ್ಮನನ್ನು, ಒಮ್ಮೆ ಟೈಲರಕ್ಕನನ್ನು ನೋಡಿದಳು.

"ಅವತ್ತು ನನಗೆ ಏನೂ ಬೇಕಾಗಿರಲಿಲ್ಲ ಕಣೇ," ಅಂದಳು. "ಅದು ಬಂದಿದ್ದೇ."

"ಖಂಡಿತಾ?"

"ನೀನು ಖಂಡಿತಾ ಅಂದ್ರೆ ಖಂಡಿತಾ," ಅಂದಳು. ಅದು ಉತ್ತರವಾಗಲಿಲ್ಲ ಎಂದು ಹೇಳಿದ ಮೇಲೆ ಅನಿಸಿತು. ಆದರೆ ಆ ತಾಯಿ ಮಗಳನ್ನು ಎದೆಗೆ ಒತ್ತಿಕೊಂಡು, "ಖಂಡಿತಾ," ಎಂದು ಕೂತಳು. ಪಾಸ್ಟರ್ ಮೈಕು ಹಿಡಿದು, ಸದ್ಯಕ್ಕೆ ನಾನೇ ಮುಂದುವರಿಯುತ್ತೇನೆ, ಮೊಣಕಾಲಿಗಾಗಿ ಎಲ್ಲರೂ ಪ್ರಾರ್ಥಿಸಿ ಎಂದರು. ಯಾರಿಗೂ ತಲೆಬುಡ ತಿಳಿಯಲಿಲ್ಲ, ಎಲ್ಲರೂ ಪ್ರಾರ್ಥಿಸಿದರು.

ಲಿಫ್ಟಣ್ಣ ಅವಳ ಜೊತೆ ಮನೆಗೆ ಬರಲಿಲ್ಲ. ಅವಳು ಒಬ್ಬಳೇ ಬಂದು ಮುಂಗೋಣೆಯಲ್ಲಿ ಕೂತಳು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುವುದನ್ನು ಇಷ್ಟು ದಿನ ಹೇಳಿದ್ದಳು, ಇವತ್ತು ಕಂಡಳು. ಮಧ್ಯಾಹ್ನ ಕಳೆದ ಮೇಲೆ ಅವನು ಬಂದ. ಒಳಗೆ ಹೋಗದೆ ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತ. ಸಿಟ್ಟಾಗಿದ್ದಂತೆ ಕಾಣಲಿಲ್ಲ. ಸಿಟ್ಟಾಗಿದ್ದರೆ ಅವಳಿಗೆ ಹಗುರಾಗುತ್ತಿತ್ತು.

"ಒಂದು ಕೇಳ್ತೀನಿ," ಅಂದ. "ಅದು ಆತನ ಮಾತಾ, ನಿನ್ನ ಮಾತಾ?"

"ಗೊತ್ತಿಲ್ಲ ಅಂತ ಅಲ್ಲೇ ಹೇಳಿದೆನಲ್ಲ."

"ಸಭೆಗೆ ಹೇಳಿದ್ದು ಬಿಡು. ನನಗೆ ಹೇಳು."

"ನಿಮಗೂ ಅದೇ ರೀ. ನಿಜವಾಗ್ಲೂ ಗೊತ್ತಿಲ್ಲ."

ಅವನು ತನ್ನ ಅಂಗೈಗಳನ್ನು ನೋಡಿಕೊಂಡ. ಗ್ರೀಸು ಎಷ್ಟು ತೊಳೆದರೂ ಹೋಗದ ಕೈಗಳು.

"ದೇವರದೇ ಅಂತ ಹೇಳಿಬಿಡು ಕಣೇ," ಅಂದ. "ಸುಳ್ಳಾದ್ರೂ ಪರವಾಗಿಲ್ಲ. ದೇವರು ಬೇಡ ಅಂದ್ರೆ ಹೆಂಗೋ ನುಂಗ್ತೀನಿ. ಆತ ದೊಡ್ಡವನು, ಆತನಿಗೆ ನೂರು ಕಾರಣ ಇರುತ್ತೆ. ನೀನು ಬೇಡ ಅಂದಿದ್ದು ಅಂತಾದ್ರೆ... ಇಷ್ಟು ವರ್ಷ ಪಕ್ಕದಲ್ಲೇ ಇದ್ದು ನೋಡಿದೋಳು ನೀನು. ಎಲ್ಲಾ ನೋಡಿ ಬೇಡ ಅಂದ್ಲು ಅಂತಾಗುತ್ತೆ."

ಹೇಳಿಬಿಡುವುದು ಎಷ್ಟು ಸುಲಭವಿತ್ತು. ದೇವರದು. ಬಹುಶಃ ಅದು ಸುಳ್ಳೂ ಅಲ್ಲ. ಬಾಯಿ ಅರ್ಧ ತೆರೆದೂ ಇದ್ದಳು. ಆಗ ಅವನ ಮುಖ ನೋಡಿದಳು. ಹುಡುಗನಾಗಿದ್ದಾಗಿನಿಂದ ಒಂದು ಮಾತನ್ನು ನಂಬಿ ಕೂತಿದ್ದವನ ಮುಖ. ಇವತ್ತು ಆ ಮಾತು ಕೊಟ್ಟವನೇ ಅದನ್ನು ಕಿತ್ತುಕೊಂಡ ಎಂದಾದರೆ, ನಾಳೆ ಆಸ್ಪತ್ರೆಯಲ್ಲಿ ಯಾರ ಹಾಸಿಗೆಯ ಪಕ್ಕ ನಿಂತು ಇವನು ಏನೆಂದು ಪ್ರಾರ್ಥಿಸುತ್ತಾನೆ?

"ದೇವರದು ಅಂತ ಇಟ್ಕೊಂಡ್ರೆ ನಿಮಗೆ ಆತನ ಮೇಲೆ ಸಿಟ್ಟು ಬರುತ್ತೆ," ಅಂದಳು. "ಇವತ್ತಲ್ಲ, ಆಮೇಲೆ ಯಾವಾಗಲಾದ್ರೂ ಬರುತ್ತೆ. ಆತನ ಮೇಲೆ ಸಿಟ್ಟು ಮಾಡ್ಕೊಂಡು ನೀವು ಎಲ್ಲಿಗೆ ಹೋಗ್ತೀರಿ? ನನ್ನದು ಅಂತಲೇ ಇಟ್ಕೊಳ್ಳಿ. ನನ್ನ ಮೇಲೆ ಸಿಟ್ಟಾದ್ರೆ ಊಟಕ್ಕೆ ಮನೆಗಾದ್ರೂ ಬರ್ತೀರಿ."

ಅವನು ತಲೆ ಎತ್ತಿದ. "ಅಂದ್ರೆ ನಿನ್ನದೇ."

"ಹೂಂ. ನನ್ನದೇ."

ಆಗ ಬಂತು ಸಿಟ್ಟು. ಸ್ಟೂಲು ಉರುಳಿತು. ಮದುವೆಯ ದಿನದಿಂದ ಹಿಡಿದು ಕೂಡಿಟ್ಟದ್ದೆಲ್ಲ ಹೊರಬಂತು. ಬಂಡೆಗಲ್ಲಿನಂಥ ಹೆಂಗಸು, ಸ್ವಾರ್ಥಿ, ಗಂಡನಿಗಿಂತ ಸೂಜಿ ದಾರವೇ ಹೆಚ್ಚಾದವಳು, ಒಂದೇ ಎರಡೇ. ಅವಳು ಒಂದಕ್ಕೂ ಎದುರಾಡಲಿಲ್ಲ. ಕೆಲವು ನಿಜವೇ ಇದ್ದವು, ಕೆಲವು ಅನ್ಯಾಯದವು, ಎರಡೂ ಒಂದೇ ಸಮ ನೋಯಿಸಿದವು. ಅವನು ಒಳಗೆ ಹೋಗಿ ಬಾಗಿಲು ಬಡಿದುಕೊಂಡ.

ಅವಳು ಉರುಳಿದ ಸ್ಟೂಲನ್ನು ನೆಟ್ಟಗೆ ನಿಲ್ಲಿಸಿ ಅದರ ಮೇಲೇ ಕೂತಳು. ತಾನು ಈಗ ಹೇಳಿದ್ದು ನಿಜವೋ ಸುಳ್ಳೋ, ಪ್ರೀತಿಯೋ ಪಾಪವೋ ಒಂದೂ ತಿಳಿಯಲಿಲ್ಲ. ಕೇಳೋಣವೆಂದರೆ ಯಾವ ವಾಕ್ಯವೂ ಬಂದು ನಿಲ್ಲಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಳಕೋಣೆಯಲ್ಲಿ ಮೊಣಕಾಲೂರಿದ ಸದ್ದಾಯಿತು. ಅವಳು ಎದ್ದು ಹೋಗಿ ಬಾಗಿಲಿಗೆ ಕಿವಿಯಿಟ್ಟಳು. ಗಂಡ ಅಳುತ್ತಾ, ಬೈಯುತ್ತಾ ದೇವರ ಹತ್ತಿರ ದೂರು ಹೇಳುತ್ತಿದ್ದ.

"ನೋಡಿದ್ಯಾ ತಂದೆ," ಅನ್ನುತ್ತಿದ್ದ, "ನನ್ನ ಹೆಂಡತಿ ಮಾಡಿದ್ದನ್ನ ನೀನಾದ್ರೂ ನೋಡಿದ್ಯಾ?"